ಬದಲಾದರೆ ಮಾತ್ರ ಫೋನ್ ಮಾಡಿ

ಆನ್ಸ್-ಓ-ಕೋಕ್, ನ್ಯೂ ಬ್ರನ್ಸ್‌ವಿಕ್
ಫೆಬ್ರವರಿ 8, 1983

ಫ್ರೆಂಚ್ ರೇಡಿಯೊ ನಿಲಯದವರಿಗೆ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಎದ್ದು ನಿಮ್ಮ ರೇಡಿಯೊ ಹಾಕಿದೆ, ಕೊಲ್ಲಿಯ ಮಂಜುಗಡ್ಡೆಯ ಸುದ್ದಿ ಮುಗಿಯುತ್ತಲೇ ಆರಿಸಿದೆ. ಬಾಗಿಲ ಮುಂದಿನ ಹಿಮ ಎತ್ತಿಹಾಕಿದೆ. ಫಾದರ್ ಬಂದು ಕಾಫಿ ಕುಡಿದು ಹೋದರು. ಮಧ್ಯಾಹ್ನ ಇಬ್ಬರಿಗಾಗುವಷ್ಟು ಆಲೂಗಡ್ಡೆ ಬೇಯಿಸಿಬಿಟ್ಟೆ. ಉಳಿದದ್ದನ್ನು ರಾತ್ರಿಗೆ ಹುರಿದುಕೊಂಡೆ. ಇವತ್ತಿನ ದಿನ ಅಷ್ಟೇ.

ವಿಷಯ ಏನೆಂದರೆ, ನಮ್ಮವರು ಜನವರಿ ಹನ್ನೊಂದರಂದು ತೀರಿಕೊಂಡರು. ಅಂದು ಸಂಜೆ ನಾನೇ ನಿಮ್ಮ ನಿಲಯಕ್ಕೆ ಫೋನ್ ಮಾಡಿ, ಮಧ್ಯಾಹ್ನದ ಮರಣವಾರ್ತೆಗೆ ಹೆಸರು ಬರೆಸಿದೆ: "ಆನ್ಸ್-ಓ-ಕೋಕ್ ಊರಿನ, ಬೆನೋನಿಯ ತೋಮನ ಅಲೀರ್ ರೂಸೆಲ್." ಬೆನೋನಿ ಅವರ ಅಜ್ಜ, ತೋಮ ಅವರ ಅಪ್ಪ. ಬರೆದುಕೊಂಡ ಹುಡುಗಿ ಎರಡು ಸಲ ಓದಿ ಹೇಳಿದಳು. ಮರುದಿನ ರೇಡಿಯೊದಲ್ಲಿ ಬಂದದ್ದು ಮಾತ್ರ "ಆನ್ಸ್-ಓ-ಕೋಕ್ ಊರಿನ ಅಲೀರ್ ರೂಸೆಲ್" ಎಂದು. ಅಜ್ಜನೂ ಇಲ್ಲ, ಅಪ್ಪನೂ ಇಲ್ಲ.

ನಮ್ಮೂರಿನಲ್ಲಿ ನಾಲ್ಕು ಜನ ಅಲೀರ್ ರೂಸೆಲ್‌ಗಳಿದ್ದರು. ಈಗ ಮೂವರಿದ್ದಾರೆ. ಯಾವ ಮೂವರು ಎನ್ನುವುದೇ ಜನಕ್ಕೆ ತಿಳಿಯಲಿಲ್ಲ.

ಚರ್ಚಿನ ಹಿಂದೆ ಫಿದೇಲನ ಅಲೀರ್ ಇದ್ದಾನೆ. ಮದುವೆಯಾಗಿಲ್ಲ, ಅಕ್ಕ ಝೆಲಿಕಾಳ ಜೊತೆ ಇರುತ್ತಾನೆ. ನವೆಂಬರಿನಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋಗಿಬಂದಿದ್ದ. ಸುತ್ತಲ ಊರುಗಳವರೆಲ್ಲ ಹೋದವನು ಅವನೇ ಎಂದುಕೊಂಡರು. ಮಾಂಸದ ಪೈ, ಕೋಳಿ ಸಾರು, ಕಾಕಂಬಿ ಹಾಕಿದ ಕೇಕು ಹೊತ್ತುಕೊಂಡು ಆ ಮನೆಗೆ ನಡೆದರು. ಬಾಗಿಲು ತೆಗೆದವನು ಸತ್ತವನೇ.

"ಅಯ್ಯೋ ದೇವರೇ, ನೀನು ಸತ್ತಿಲ್ವೇನೋ?"

"ಇಲ್ಲ ಕಣಪ್ಪ. ಹಾಗಂತ ಪೈ ವಾಪಸ್ ತಗೊಂಡು ಹೋಗ್ಬೇಡ. ಒಳಗೆ ಬಾ."

ನಮ್ಮ ಮನೆಯ ಸುದ್ದಿ ಅವನಿಗೇ ಇನ್ನೂ ಮುಟ್ಟಿರಲಿಲ್ಲ. ಬಂದವರು ನಕ್ಕರು. ರೇಡಿಯೊದವರು ಏನೋ ಎಡವಟ್ಟು ಮಾಡಿದ್ದಾರೆ, ಯಾರೂ ಸತ್ತಿಲ್ಲ ಎಂದುಕೊಂಡು ಮನೆಗೆ ಹೋದರು. ನಮ್ಮವರ ಆತ್ಮಕ್ಕಾಗಿ ನಡೆದ ಬಲಿಪೂಜೆಯ ದಿನ ಚರ್ಚಿನಲ್ಲಿ ಜನಕ್ಕಿಂತ ಬೆಂಚುಗಳೇ ಹೆಚ್ಚಿದ್ದವು.

ಈಗಲೂ ಸಹಕಾರಿ ಅಂಗಡಿಯಲ್ಲಿ ಹೊರ ಊರಿನವರು ಸಿಕ್ಕಿದರೆ, "ಅಲೀರ್ ಹೇಗಿದಾರೆ ಅಲ್ವೀನಕ್ಕ?" ಎನ್ನುತ್ತಾರೆ. ನಾನು ಮೊಟ್ಟೆಯ ಬುಟ್ಟಿ ಹಿಡಿದುಕೊಂಡು ಮೊದಲಿನಿಂದ ಹೇಳಬೇಕು. ವಾರಕ್ಕೆ ಎರಡು ಮೂರು ಸಲ ನಾನೇ ಅವರನ್ನು ಸಾಯಿಸಬೇಕಾಗಿದೆ.

ದಯವಿಟ್ಟು ಅವರ ಪೂರ್ತಿ ಹೆಸರು ಒಂದೇ ಒಂದು ಸಲ ಓದಿಸಿ.

ಇತಿ,
ಅಲ್ವೀನಾ ರೂಸೆಲ್


ನಿಲಯದ ಕಚೇರಿ
ಫೆಬ್ರವರಿ 21, 1983

ಪ್ರಿಯ ಶ್ರೋತೃ ಶ್ರೀಮತಿ ರೂಸೆಲ್ ಅವರಿಗೆ,

ನಮ್ಮ ನಿಲಯದ ಇಪ್ಪತ್ತೈದನೇ ವರ್ಷದ ಪುಸ್ತಿಕೆಗಾಗಿ ನೀವು ಕಳಿಸಿದ ಸೊಗಸಾದ ನೆನಪಿಗೆ ಹೃತ್ಪೂರ್ವಕ ವಂದನೆಗಳು. ನಮ್ಮ ಕೋರಿಕೆಗೆ ಓಗೊಟ್ಟು ಕರಾವಳಿಯ ಉದ್ದಕ್ಕೂ ಜನ ಬರೆಯುತ್ತಿದ್ದಾರೆ. ನನ್ನ ಮೇಜಿನ ಮೇಲೆ ಕಾಗದಗಳ ಗುಡ್ಡವೇ ಬೆಳೆದಿದೆ. ನಿಮ್ಮೂರಿನ ನಾಲ್ವರು ಅಲೀರ್‌ಗಳ ತಮಾಷೆಯ ಪ್ರಸಂಗವನ್ನು ಗಟ್ಟಿಯಾಗಿ ಓದಿ ಹೇಳಿದೆ. ಇಡೀ ಕಚೇರಿ ನಕ್ಕಿತು.

1958ರಲ್ಲಿ ನಿಲಯ ಶುರುವಾದ ದಿನಗಳ ನೆನಪುಗಳಿದ್ದರೆ ಅವನ್ನೂ ಬರೆಯಿರಿ. ನಿಮ್ಮ ಯಜಮಾನರು ರೇಡಿಯೊ ಕೇಳುತ್ತಾ ಕುಳಿತಿರುವ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಅವರಿಗೂ ನನ್ನ ನಮಸ್ಕಾರ ತಿಳಿಸಿ.

ವಿಶ್ವಾಸದಿಂದ,
ಗಿಲೇನ್ ವಾಶೋನ್
ಕಾರ್ಯಕ್ರಮ ವಿಭಾಗ

ಮರೆತ ಮಾತು: ಎಲ್ಲಿ ಎಷ್ಟು ಗಟ್ಟಿ ಎಂದು ಹೇಳುವ ಬೆಳಗಿನ ಮಂಜುಗಡ್ಡೆಯ ಸುದ್ದಿಗಳಲ್ಲಿ ನಿಮ್ಮೂರಿನದೇ ಅತ್ಯಂತ ನಂಬಲರ್ಹವಾದದ್ದು ಎಂದು ಇಲ್ಲಿನ ಹಳಬರು ಹೇಳುತ್ತಾರೆ. ಆದರೆ ಅದನ್ನು ಕಳಿಸುವವರ ಹೆಸರು ಯಾರಿಗೂ ಗೊತ್ತಿಲ್ಲ. ನಿಮಗೇನಾದರೂ ಗೊತ್ತೇ? ಪುಸ್ತಿಕೆಯಲ್ಲಿ ಅವರ ಬಗ್ಗೆ ನಾಲ್ಕು ಸಾಲು ಬರೆಯುವ ಆಸೆ.


ಆನ್ಸ್-ಓ-ಕೋಕ್
ಫೆಬ್ರವರಿ 27, 1983

ವಾಶೋನ್ ಅವರಿಗೆ,

ಮಧ್ಯಾಹ್ನ ಮೂರು ಗಂಟೆ. ಭಾನುವಾರ. ಪೂಜೆಗೆ ಹೋಗಿಬಂದೆ. ಬರುವಾಗ ಝೆಲಿಕಾ ಅರ್ಧ ದಾರಿ ಜೊತೆಗಿದ್ದಳು. ಮನೆಗೆ ಬಂದು ಕಾಲುಚೀಲಕ್ಕೆ ಹಿಮ್ಮಡಿ ಹೆಣೆದೆ. ಗಂಡಸರ ಅಳತೆಯದು. ಶುರು ಮಾಡಿದ್ದನ್ನು ಮುಗಿಸಬೇಕಲ್ಲ.

ನಿಮ್ಮ ನಮಸ್ಕಾರವನ್ನು ನಮ್ಮವರಿಗೆ ತಿಳಿಸಿದೆ. ಚರ್ಚಿನ ಹಿಂದೆ ಹಿಮ ಸೊಂಟದ ತನಕ ಇರುವುದರಿಂದ ಬೇಲಿಯ ಈಚೆಯಿಂದಲೇ ತಿಳಿಸಿದೆ.

ನಾನು ಬರೆದದ್ದು ತಮಾಷೆಯ ಪ್ರಸಂಗವಲ್ಲ, ಅರ್ಜಿ. ನಿಮ್ಮ ಕಚೇರಿಯವರು ನಕ್ಕದ್ದಕ್ಕೆ ನನಗೆ ಬೇಸರವಿಲ್ಲ. ಫಿದೇಲನ ಅಲೀರ್ ಬಾಗಿಲು ತೆಗೆದದ್ದನ್ನು ಕೇಳಿದ್ದರೆ ನಮ್ಮವರೂ ನಗುತ್ತಿದ್ದರು. ಆದರೆ ನಕ್ಕಮೇಲೆ ಓದಿಸುತ್ತಿದ್ದರು.

ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಇಲ್ಲಿ ಚಳಿಗಾಲದಲ್ಲಿ ನೆಲಕ್ಕೆ ಗುದ್ದಲಿ ಇಳಿಯುವುದಿಲ್ಲ. ಅವರ ಶವಪೆಟ್ಟಿಗೆ ಚರ್ಚಿನ ಹಿಂದಿನ ಕಲ್ಲಿನ ಕೋಣೆಯಲ್ಲಿದೆ. ಮೇ ತಿಂಗಳಲ್ಲಿ ನೆಲ ಸಡಿಲವಾದ ಮೇಲೆ ಮಣ್ಣು ಮಾಡುತ್ತಾರೆ. ಪೂಜೆಗೆ ಬರದವರು ಮಣ್ಣಿಗಾದರೂ ಬರಲಿ ಎಂದು ನನ್ನ ಆಸೆ. ಸತ್ತವರು ಯಾರೆಂದು ಗೊತ್ತಾದರೆ ತಾನೇ ಬರುವುದು? ಮೇ ತಿಂಗಳೊಳಗೆ ಓದಿಸಿದರೆ ಸಾಕು.

ನೀವು ಕೇಳಿದ ಹಳೆಯ ಕಥೆ: ನಿಮ್ಮ ನಿಲಯ ಬರುವ ಮುಂಚೆ ನಮ್ಮ ರೇಡಿಯೊಗಳಿಗೆ ಇಂಗ್ಲಿಷ್ ಮಾತ್ರ ಗೊತ್ತಿತ್ತು. ಹಾಕಿ ಆಟದಲ್ಲಿ ಯಾರು ಗೆದ್ದರೆಂಬುದನ್ನು ಕೂಗಾಟ ಕೇಳಿ ಊಹಿಸುತ್ತಿದ್ದೆವು. ಫ್ರೆಂಚ್ ಬೇಕೆಂದರೆ ಮೋಡವಿಲ್ಲದ ದಿನ ಕೊಲ್ಲಿಯಾಚೆಯ ಕ್ವಿಬೆಕ್ಕಿನಿಂದ ಒಂದಿಷ್ಟು ತೇಲಿಬರುತ್ತಿತ್ತು. ನಮಗೂ ನಮ್ಮ ಭಾಷೆಯ ನಿಲಯ ಕೊಡಿ ಎಂದು ಆಗಿನ ಫಾದರ್ ಊರೂರಿನವರ ಸಹಿ ಹಾಕಿಸಿ ಸರ್ಕಾರಕ್ಕೆ ಕಳಿಸಿದರು. ಸಹಿ ಬಾರದವರು ಶಿಲುಬೆ ಗುರುತು ಹಾಕಿದರು. ನಾಲ್ವರು ಅಲೀರ್‌ಗಳೂ ಹಾಕಿದ್ದರು. ಒಬ್ಬನೇ ನಾಲ್ಕು ಸಲ ಹಾಕಿದ್ದಾನೆಂದು ಮೂರನ್ನು ಅಲ್ಲಿ ಹೊಡೆದುಹಾಕಿದರಂತೆ.

ಮೊದಲ ದಿನ ನಮ್ಮವರು ಛಾವಣಿ ಹತ್ತಿ ತಂತಿ ಕಟ್ಟಿದರು. ರೇಡಿಯೊದಲ್ಲಿ ಒಬ್ಬ ಮನುಷ್ಯ ಎಂಥ ನುಣುಪಾದ ಫ್ರೆಂಚ್ ಮಾತಾಡಿದನೆಂದರೆ, ಬಿಷಪ್ಪರೇ ಬಂದರೆಂದು ನಮ್ಮತ್ತೆ ಎದ್ದು ನಿಂತು ಏಪ್ರನ್ ಸರಿಮಾಡಿಕೊಂಡರು. ಮೂರನೇ ದಿನ ನಮ್ಮ ಕಡೆಯ ಹುಡುಗನೊಬ್ಬ ಮೀನಿನ ದರ ಓದಿದ. ಅತ್ತೆ ಕುಳಿತುಕೊಂಡು, "ಈಗ ನಮ್ಮ ರೇಡಿಯೊ ಆಯ್ತು ನೋಡೇ" ಎಂದರು.

ಫೋಟೊ ಕಳಿಸಿದ್ದೇನೆ. ಛಾವಣಿ ಮೇಲೆ ಬೆನ್ನು ತೋರಿಸಿಕೊಂಡು ನಿಂತವರೇ ನಮ್ಮವರು. ಅವರು ರೇಡಿಯೊ ಕೇಳುತ್ತಾ ಕುಳಿತದ್ದಕ್ಕಿಂತ ಹೀಗೆ ಅದರ ತಂತಿ ಸರಿಮಾಡಿದ್ದೇ ಹೆಚ್ಚು.

ಅಲ್ವೀನಾ ರೂಸೆಲ್


ನಿಲಯದ ಕಚೇರಿ
ಮಾರ್ಚ್ 14, 1983

ಮಾನ್ಯ ಶ್ರೀಮತಿ ರೂಸೆಲ್ ಅವರಿಗೆ,

ಈ ಕಾಗದವನ್ನು ಆರು ಸಲ ಶುರು ಮಾಡಿ ಹರಿದೆ. ನಿಮ್ಮ ಮೊದಲ ಪತ್ರವನ್ನು ಮತ್ತೆ ಓದಿದೆ. ಅಂದು ಅದನ್ನು ನಾನು ಹೇಗೆ ಓದಿದೆನೋ ನನಗೇ ತಿಳಿಯದು. ಕ್ಷಮಿಸಿ. ಯಜಮಾನರಿಗೆ ನಮಸ್ಕಾರ ಹೇಳಿದ್ದಕ್ಕಂತೂ ಹೇಗೆ ಕ್ಷಮೆ ಕೇಳಬೇಕೋ ಗೊತ್ತಿಲ್ಲ.

ಮರಣವಾರ್ತೆಗೆ ಸಂಬಂಧಿಸಿ ನಿಲಯದಲ್ಲಿ ಕಳೆದ ಶರತ್ಕಾಲದಿಂದ ಕೆಲವು ನಿಯಮಗಳು ಜಾರಿಯಲ್ಲಿವೆ. ದಾಖಲೆಯಲ್ಲಿರುವ ಹೆಸರು, ಊರು, ಪೂಜೆಯ ಹೊತ್ತು, ಇಷ್ಟನ್ನೇ ಓದತಕ್ಕದ್ದು. ಅದರಂತೆ ನಿಮ್ಮ ವಾರ್ತೆಯನ್ನೂ ಚಿಕ್ಕದು ಮಾಡಲಾಗಿದೆ. ಒಂದು ಮರಣಕ್ಕೆ ಒಂದೇ ವಾರ್ತೆ ಎಂಬುದೂ ನಿಯಮ. ಆದರೂ ನಮ್ಮ ಮುಖ್ಯಸ್ಥರ ಬಳಿ ಮಾತಾಡುತ್ತೇನೆ.

ನಾನು ಮಾಂಟ್ರಿಯಲ್‌ನವನು. ಇಲ್ಲಿಗೆ ಬಂದು ಇನ್ನೂ ವರ್ಷವಾಗಿಲ್ಲ. ನಮ್ಮ ಬೀದಿಯಲ್ಲಿ ಪಕ್ಕದ ಮನೆಯವನ ಅಜ್ಜನ ಹೆಸರಿರಲಿ, ಅವನ ಹೆಸರೇ ನನಗೆ ಗೊತ್ತಿರಲಿಲ್ಲ.

ಫೋಟೊ ಬಹಳ ಚೆನ್ನಾಗಿದೆ.

ಗಿಲೇನ್ ವಾಶೋನ್

ಮರೆತ ಮಾತು: ಮಂಜುಗಡ್ಡೆಯವರ ಬಗ್ಗೆ ನೀವು ಏನೂ ಬರೆಯಲಿಲ್ಲ. ಸ್ಟುಡಿಯೊದ ಗೋಡೆಯಲ್ಲಿ ಊರಿಗೊಂದರಂತೆ ಚೀಟಿ ಸಿಕ್ಕಿಸಿರುತ್ತಾರೆ. ಫೋನ್ ಬಂದರೆ ಹೊಸ ಚೀಟಿ, ಬಾರದಿದ್ದರೆ ಹಳೆಯದನ್ನೇ ಓದುವುದು. ಬೇರೆ ಊರುಗಳ ಚೀಟಿ ವಾರಕ್ಕೆ ನಾಲ್ಕು ಸಲ ಬದಲಾಗುತ್ತದೆ. ನಿಮ್ಮೂರಿನದು ಜನವರಿಯಿಂದ ಒಮ್ಮೆಯೂ ಬದಲಾಗಿಲ್ಲ. ಎಂಥ ಸ್ಥಿರವಾದ ಮಂಜುಗಡ್ಡೆ!


ಆನ್ಸ್-ಓ-ಕೋಕ್
ಮಾರ್ಚ್ 20, 1983

ವಾಶೋನ್ ಅವರಿಗೆ,

ಸಂಜೆ ಆರು ಗಂಟೆ. ಬಟ್ಟೆ ಒಗೆದು ಹೊರಗೆ ಹಾಕಿದೆ. ಹಲಗೆಗಳಂತಾದವು. ಒಳಗೆ ತಂದು ಒಲೆಯ ಪಕ್ಕ ನಿಲ್ಲಿಸಿದ್ದೇನೆ.

ಮಧ್ಯಾಹ್ನ ಸೇತುವೆಯಾಚೆಯ ದ್ವೀಪದಿಂದ ಓನೆಸಿಮ್ ಫೋನ್ ಮಾಡಿದ್ದ. ನಮ್ಮವರ ಚಿಕ್ಕಪ್ಪನ ಮಗ. ಸ್ವಲ್ಪ ಕಿವಿ ಮಂದ.

"ಅತ್ತಿಗೆ, ಅಣ್ಣನ್ನ ಕರಿ. ಬಲೆ ವಿಷಯ ಮಾತಾಡ್ಬೇಕು."

"ಓನೆಸಿಮ್, ನಿಮ್ಮಣ್ಣ ತೀರಿಕೊಂಡ್ರಪ್ಪ. ಜನವರೀಲೇ."

"ಅದು ಫಿದೇಲನ ಅಲೀರು ಅತ್ತಿಗೆ. ರೇಡಿಯೋದಲ್ಲಿ ಕೇಳ್ದೆ ನಾನು. ಆಮೇಲೆ ಅವನೂ ಸತ್ತಿಲ್ವಂತೆ ಬಿಡು."

"ಸತ್ತಿದ್ದು ನಮ್ಮವರು ಕಣಪ್ಪ."

"ನೀನು ಮಲಕ್ಕೋ ಅತ್ತಿಗೆ, ಚಳಿ ಹೊಡ್ದಿದೆ ನಿಂಗೆ. ಅಣ್ಣ ಬಂದ್ಮೇಲೆ ಫೋನ್ ಮಾಡ್ಸು."

ಇಟ್ಟುಬಿಟ್ಟ. ನಮ್ಮವರು ಬದುಕಿದ್ದಾರೆ ಎಂದು ನಂಬಲು ಅವನಿಗೆ ಬೇರೆ ಕಾರಣವೂ ಇತ್ತು. ಅದು ಈಗ ಬೇಡ.

ನೀವು ಮುಖ್ಯಸ್ಥರ ಬಳಿ ಮಾತಾಡುತ್ತೇನೆ ಎಂದದ್ದಕ್ಕೆ ಉಪ್ಪು ಹಾಕಿದ ಹೆರಿಂಗ್ ಮೀನಿನ ಒಂದು ಜಾಡಿ ಕಳಿಸಿದ್ದೇನೆ. ಒಂದು ದಿನ ನೀರಿನಲ್ಲಿ ನೆನೆಹಾಕಿ ತಿನ್ನಿ. ನೀವು ಒಳ್ಳೆಯವರು. "ಚಿಕ್ಕದು ಮಾಡಲಾಗಿದೆ" ಎಂದು ಬರೆದಿದ್ದೀರಿ. ಮಾಡಿದವರು ಯಾರೋ ಏನೋ. ನಿಮ್ಮ ಕೈಗೆ ಬಂದಿದ್ದರೆ ನೀವು ಖಂಡಿತ ಹಾಗೆ ಮಾಡುತ್ತಿರಲಿಲ್ಲ.

ಮಂಜುಗಡ್ಡೆಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಒಲೆಗೆ ಕಟ್ಟಿಗೆ ಹಾಕಬೇಕು.

ಅಲ್ವೀನಾ ರೂಸೆಲ್


ನಿಲಯದ ಕಚೇರಿ
ಮಾರ್ಚ್ 31, 1983

ಮಾನ್ಯ ಶ್ರೀಮತಿ ರೂಸೆಲ್ ಅವರಿಗೆ,

ಮೀನಿಗಾಗಿ ಬಹಳ ವಂದನೆಗಳು. ನಿಮ್ಮ ಸೂಚನೆ ಓದುವ ಮುಂಚೆಯೇ ಒಂದನ್ನು ತಿಂದುಬಿಟ್ಟೆ. ಆ ದಿನವೆಲ್ಲ ನೀರು ಕುಡಿದೆ.

ಮುಖ್ಯಸ್ಥರು ಒಪ್ಪಲಿಲ್ಲ. "ಒಬ್ಬರಿಗೆ ಎರಡನೇ ಸಲ ಓದಿದರೆ ಇಡೀ ಕರಾವಳಿ ತಮ್ಮ ಸತ್ತವರನ್ನು ಮತ್ತೆ ಕರ್ಕೊಂಡು ಬಂದು ಸಾಲು ನಿಲ್ಲಿಸುತ್ತೆ" ಎಂದರು. ಇನ್ನೊಮ್ಮೆ ಕೇಳುತ್ತೇನೆ. ಆದರೆ ಭರವಸೆ ಕೊಡಲಾರೆ.

ನೀವು ನನ್ನನ್ನು ಒಳ್ಳೆಯವನೆಂದು ಬರೆದಿದ್ದೀರಿ. ಅದರ ಬಗ್ಗೆ ಬೇರೆಯಾಗಿ ಬರೆಯಬೇಕು.

ಈಸ್ಟರ್ ಹಬ್ಬದ ಶುಭಾಶಯಗಳು.

ಗಿ. ವಾಶೋನ್


ಆನ್ಸ್-ಓ-ಕೋಕ್
ಏಪ್ರಿಲ್ 9, 1983

ವಾಶೋನ್ ಅವರಿಗೆ,

ಬೆಳಿಗ್ಗೆ ಹನ್ನೊಂದು ಗಂಟೆ. ದಿನ ಇನ್ನೂ ಅರ್ಧವೂ ಆಗಿಲ್ಲ, ಆದರೆ ಆಗಬೇಕಾದದ್ದೆಲ್ಲ ಆಗಿಹೋಯಿತು. ಇದನ್ನು ತುರ್ತು ಅಂಚೆಯಲ್ಲಿ ಹಾಕಲು ಝೆಲಿಕಾ ಕಾಯುತ್ತಾ ಕುಳಿತಿದ್ದಾಳೆ. ಅವಳ ತಮ್ಮ ನನ್ನ ಒಲೆಯ ಮುಂದೆ, ನಮ್ಮವರ ಪ್ಯಾಂಟು ಹಾಕಿಕೊಂಡು, ಕಾಲು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾನೆ.

ಕೊಲ್ಲಿಯ ಮಂಜುಗಡ್ಡೆಯ ಮೇಲೆ ಚಳಿಗಾಲದಲ್ಲಿ ನಮ್ಮ ಗಂಡಸರು ಮೀನಿನ ಗುಡಿಸಲು ಇಡುತ್ತಾರೆ. ನೆಲದಲ್ಲಿ ತೂತು, ಮೂಲೆಯಲ್ಲಿ ಒಲೆ. ಎಲ್ಲರೂ ಎರಡು ವಾರದ ಹಿಂದೆಯೇ ಎಳೆದುತಂದರು. ಫಿದೇಲನ ಅಲೀರ್ ಒಬ್ಬ ತರಲಿಲ್ಲ. ಇವತ್ತು ಬೆಳಿಗ್ಗೆ ಪಿಕಪ್ ಹೊಡೆದುಕೊಂಡು ಹೊರಟ. ದಡದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಚಕ್ರಗಳು ಒಳಗೆ ಇಳಿದವು. ಅವನು ಮೊಣಕಾಲಿನ ತನಕ ನೆಂದು ವಾಪಸು ಬಂದ. ಗುಡಿಸಲು ಒಲೆಯ ಸಮೇತ ಸಮುದ್ರದ ಕಡೆಗೆ ಹೊರಟಿತು. ಕೊಳವೆಯಿಂದ ಹೊಗೆ ಬೇರೆ ಬರುತ್ತಿತ್ತು, ನಿನ್ನೆ ಹಾಕಿದ ಕಟ್ಟಿಗೆ. ನೋಡಿದವರಿಗೆ ಯಾರೋ ಸುಖವಾಗಿ ಪ್ರಯಾಣ ಹೊರಟಂತೆ ಕಾಣುತ್ತಿತ್ತು.

"ಕಣ್ಣು ಕಾಣಲ್ವೇನೋ ನಿಂಗೆ? ನೀರು ಮೇಲೆ ನಿಂತಿದ್ದು ಕಾಣ್ಲಿಲ್ವಾ?" ಎಂದು ಝೆಲಿಕಾ ಬೈದಳು.

"ರೇಡಿಯೋದಲ್ಲಿ ಗಟ್ಟಿ ಇದೆ ಅಂದ್ರು ಕಣೇ ಅಕ್ಕ. ಇವತ್ತು ಬೆಳಿಗ್ಗೇನೂ ಅಂದ್ರು. ಪಿಕಪ್ ತಡೆಯುತ್ತೆ, ಉತ್ತರದ ಮೂಲೇಲಿ ಎಚ್ಚರ ಅಂತ. ನಾನು ಉತ್ತರದ ಮೂಲೆಗೆ ಹೋಗೇ ಇಲ್ಲ!"

"ಅದೇ ರೇಡಿಯೋ ನಿನ್ನ ಸತ್ತ ಅಂತಾನೂ ಅಂದಿತ್ತಲ್ಲೋ ಮಂಕೆ!"

"ಅದನ್ನೂ ಸಂಜೆಯವರೆಗೂ ನಂಬಿದ್ದೆ ನಾನು."

ವಾಶೋನ್ ಅವರೇ, ನೀವು ಎರಡು ಸಲ ಕೇಳಿದ್ದಿರಿ. ಮಂಜುಗಡ್ಡೆಯ ಮನುಷ್ಯ ನಮ್ಮವರೇ.

1961ರಲ್ಲಿ ನಿಮ್ಮ ರೇಡಿಯೊ ನಮ್ಮ ಕೊಲ್ಲಿ ಹೆಪ್ಪುಗಟ್ಟಿದೆ ಎಂದು ಪಟ್ಟಣದಲ್ಲೇ ಕುಳಿತು ಊಹಿಸಿ ಹೇಳಿತು. ನಮ್ಮವರಿಗೆ ಸಿಟ್ಟು ಬಂತು. ಫೋನ್ ಮಾಡಿ, "ನೀವಿರೋದು ಅಲ್ಲಿ, ಮಂಜುಗಡ್ಡೆ ಇರೋದು ನನ್ನ ಅಡುಗೆಮನೆ ಕಿಟಕಿ ಎದುರಿಗೆ" ಎಂದರು. "ಹಾಗಿದ್ರೆ ನೀವೇ ಹೇಳಿ" ಎಂದರು ನಿಮ್ಮವರು. ಅಂದಿನಿಂದ ಪ್ರತಿ ಚಳಿಗಾಲ ಬೆಳಕು ಹರಿಯುವಾಗ ಕೊಡಲಿ, ಪೊರಕೆಯ ಕೋಲು ಹಿಡಿದು ಹೋಗುತ್ತಿದ್ದರು. ತೂತು ಕೊರೆದು, ಕೋಲು ಇಳಿಸಿ ನೋಡಿ ಬರುತ್ತಿದ್ದರು. ದೂರದ ಫೋನಿಗೆ ಖರ್ಚು ನಿಮ್ಮದು, ಆದ್ದರಿಂದ ಬದಲಾದರೆ ಮಾತ್ರ ಫೋನ್ ಮಾಡಿ ಎಂದು ನಿಮ್ಮವರೇ ಹೇಳಿದ್ದರು. ನಮ್ಮವರು ಆ ಮಾತು ಮೀರಲಿಲ್ಲ.

ಜನವರಿ ಹತ್ತರಂದು ಫೋನ್ ಮಾಡಿದರು. ಹನ್ನೊಂದರಂದು ತೀರಿಕೊಂಡರು. ಆಮೇಲೆ ಯಾರೂ ಮಾಡಲಿಲ್ಲ. ಹಾಗಾಗಿ ನಿಮ್ಮ ಗೋಡೆಯಲ್ಲಿ ಏನೂ ಬದಲಾಗಲಿಲ್ಲ. ಪೂಜೆಯ ದಿನವೂ ಬೆಳಿಗ್ಗೆ ಅವರು ಕೊಟ್ಟ ಮಂಜುಗಡ್ಡೆಯ ಸುದ್ದಿಯೇ ಬಂತು. ಅದನ್ನು ಕೇಳಿಯೇ ಓನೆಸಿಮ್ ಅಣ್ಣ ಬದುಕಿದ್ದಾನೆ ಎನ್ನುವುದು. ದ್ವೀಪದವರೆಲ್ಲ ಹಾಗೇ ಎನ್ನುತ್ತಾರೆ.

ನಾನು ನಿಮಗೆ ಹೇಳಬೇಕಿತ್ತು. ಊರಿನವರು ಕಣ್ಣಿಂದಲೇ ನೋಡಿಕೊಳ್ಳುತ್ತಾರೆ, ರೇಡಿಯೊ ನಂಬಿಕೊಂಡು ಯಾರು ಹೋಗುತ್ತಾರೆ ಎಂದುಕೊಂಡೆ. ಫಿದೇಲನ ಅಲೀರ್ ಇದ್ದಾನೆ ಎನ್ನುವುದನ್ನು ಮರೆತೆ. ಆ ಚೀಟಿಯ ಮಾತು ಅವರ ಮಾತೇ. ಬೇರೆಯವರ ದನಿಯಲ್ಲಿ ಬಂದರೂ ಒಂದಕ್ಷರ ಆಚೀಚೆ ಇಲ್ಲ. ಬೆಳಿಗ್ಗೆ ಆರಕ್ಕೆ ಅವರು ಒಂದು ಮಾತಾಡಿದ ಹಾಗೆ ಆಗುತ್ತಿತ್ತು. ನಾನು ಕಾಫಿಗೆ ನೀರು ಇಡುತ್ತಿದ್ದೆ.

ಅದನ್ನು ತೆಗೆದುಬಿಡಿ. ಕೊಲ್ಲಿ ಒಡೆದಿದೆ.

ಅಲ್ವೀನಾ

ಝೆಲಿಕಾ ಬರೆಯಲು ಹೇಳುತ್ತಿದ್ದಾಳೆ: ಪಿಕಪ್ ಅನ್ನು ಟ್ರಾಕ್ಟರಿಂದ ಎಳೆದರು, ಓಡುತ್ತಿದೆ, ಮನುಷ್ಯನೂ ಕೆಟ್ಟಿಲ್ಲ, ಮೊದಲಿದ್ದಷ್ಟೇ ಕೆಟ್ಟಿದ್ದಾನೆ.


ನಿಲಯದ ಕಚೇರಿ
ಏಪ್ರಿಲ್ 13, 1983

ಮಾನ್ಯ ಶ್ರೀಮತಿ ಅಲ್ವೀನಾ ರೂಸೆಲ್ ಅವರಿಗೆ,

ನಿಮ್ಮ ಪತ್ರ ನಿನ್ನೆ ಬಂತು. ಇವತ್ತು ಬೆಳಿಗ್ಗೆ ನಿಮ್ಮೂರಿನ ಸುದ್ದಿ ಓದಲಿಲ್ಲ. ಚೀಟಿಯನ್ನು ಗೋಡೆಯಿಂದ ನಾನೇ ತೆಗೆದೆ, ಬೇರೆಯವರು ಮುಟ್ಟುವುದು ಬೇಡವೆನಿಸಿತು. ಅದು ಈ ಲಕೋಟೆಯಲ್ಲಿದೆ. ಮೂರು ತಿಂಗಳಲ್ಲಿ ಕಾಫಿಯ ಕಲೆಗಳಾಗಿವೆ, ಕ್ಷಮಿಸಿ.

ಇನ್ನೊಂದು ಮಾತು. ಆ ನಿಯಮ ಮಾಡಿದವನು ನಾನು. ಇಲ್ಲಿಗೆ ಬಂದ ಹೊಸತರಲ್ಲಿ ಮರಣವಾರ್ತೆ ಕೇಳಿ ಬೆರಗಾದೆ. ಒಬ್ಬ ಸತ್ತರೆ ಅವನ ಅಪ್ಪ, ಅಜ್ಜ, ಕೆಲವೊಮ್ಮೆ ಅಜ್ಜನ ಕುದುರೆಯ ಹೆಸರೂ ಬರುತ್ತಿತ್ತು. ಹೀಗಾದರೆ ಮಧ್ಯಾಹ್ನದ ವಾರ್ತೆ ಮುಗಿಯುವುದು ಯಾವಾಗ ಎಂದುಕೊಂಡೆ. ನಿಮ್ಮ ವಾರ್ತೆಯ ಮೇಲೆ ಕೆಂಪು ಗೀಟು ಎಳೆದವನೂ ನಾನೇ. ಬೆನೋನಿಯನ್ನೂ ತೋಮನನ್ನೂ ಹೊಡೆದುಹಾಕಿದ್ದು ಈ ಕೈ. ನಿಮ್ಮ ಮೀನು ತಿಂದದ್ದೂ ಇದೇ ಕೈ.

ಮಣ್ಣಿನ ದಿನ ಯಾವಾಗ ಎಂದು ತಿಳಿಸಿ.

ಗಿಲೇನ್ ವಾಶೋನ್


ಆನ್ಸ್-ಓ-ಕೋಕ್
ಏಪ್ರಿಲ್ 17, 1983

ವಾಶೋನ್ ಅವರಿಗೆ,

ಸಂಜೆ ಐದು ಗಂಟೆ. ಮಳೆ. ಪೂಜೆ, ಊಟ, ಜಪಮಾಲೆ. ಮಧ್ಯಾಹ್ನ ಸ್ವಲ್ಪ ನಿದ್ದೆ ಬಂತು, ಬಹಳ ದಿನದ ಮೇಲೆ.

ಗೀಟು ಎಳೆದವರು ನೀವೇ ಎಂದು ನನಗೆ ಮಾರ್ಚ್ ತಿಂಗಳಿಂದ ಗೊತ್ತು. ಝೆಲಿಕಾ ನಿಮ್ಮ ಕಚೇರಿಗೆ ಫೋನ್ ಮಾಡಿ ಅಂದು ಹೆಸರು ಬರೆದುಕೊಂಡ ಹುಡುಗಿಯನ್ನು ಕೇಳಿದ್ದಳು. ಅದಕ್ಕೇ ಮೀನು ಕಳಿಸಿದೆ. ಬೈದು ಬರೆದಿದ್ದರೆ ನೀವು ನಿಯಮ ತೋರಿಸುತ್ತಿದ್ದಿರಿ. ಉಪ್ಪು ಮೀನಿಗೆ ಏನು ತೋರಿಸುತ್ತೀರಿ?

ಬುಧವಾರ ಬೆಳಿಗ್ಗೆ ನಿಮ್ಮವರು ನಮ್ಮ ಹಿಂದಿನ ಊರು ಓದಿದರು, ಆಮೇಲೆ ನಮ್ಮ ಮುಂದಿನ ಊರು ಓದಿದರು. ನಾನು ಕೆಟಲ್ ಹಿಡಿದುಕೊಂಡು ನಿಂತಿದ್ದೆ. ಕಾಫಿ ಮಾಡುವುದು ತಡವಾಯಿತು. ಚೀಟಿ ಕಿಟಕಿಯ ಚೌಕಟ್ಟಿಗೆ ಸಿಕ್ಕಿಸಿದ್ದೇನೆ. ಆಚೆ ನೋಡಿದರೆ ನೀರು, ಈಚೆ ನೋಡಿದರೆ "ಗಟ್ಟಿ". ಇರಲಿ.

ಮೇ ಏಳು, ಶನಿವಾರ, ಬೆಳಿಗ್ಗೆ ಹತ್ತಕ್ಕೆ ಮಣ್ಣು. ಫಾದರ್ ಗೊತ್ತು ಮಾಡಿದ್ದಾರೆ.

ಫಿದೇಲನ ಅಲೀರ್ ಗುಡಿಸಲಿಗಾಗಿ ಪರಿಹಾರ ಕೇಳಿ ನಿಮಗೆ ಬರೆಯುತ್ತೇನೆ ಎನ್ನುತ್ತಿದ್ದಾನೆ. ಬರೆದರೆ, ತಿಂದ ಪೈಗಳ ವಿಚಾರ ಕೇಳಿ. ಸುಮ್ಮನಾಗುತ್ತಾನೆ.

ಅಲ್ವೀನಾ ರೂಸೆಲ್


ನಿಲಯದ ಕಚೇರಿ
ಏಪ್ರಿಲ್ 29, 1983

ಅಲ್ವೀನಮ್ಮನವರಿಗೆ,

ಹೀಗೆ ಕರೆಯಬಹುದಲ್ಲವೇ?

ಆಗಿದೆ. ನಿಲಯದ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅರ್ಧ ನಾನೇ ಬರೆದದ್ದು. ಶ್ರೋತೃಗಳ ಮರಣವಾರ್ತೆಗೆ ಅಳತೆ ಇದೆ. ಆದರೆ ನಿಲಯದ ಸಿಬ್ಬಂದಿ ತೀರಿಕೊಂಡರೆ ಅದು ಮರಣವಾರ್ತೆಯಲ್ಲ, ಸುದ್ದಿ. ಸುದ್ದಿಗೆ ಅಳತೆ ಇಲ್ಲ. ಮುಖ್ಯಸ್ಥರ ಕೋಣೆಗೆ ಹೋದೆ. ಹವಾಮಾನ ಓದುವವನೂ ಅಲ್ಲೇ ಇದ್ದ.

"ಅಲೀರ್ ರೂಸೆಲ್ ನಮ್ಮ ಸಿಬ್ಬಂದಿಯಾಗಿದ್ದರು ಸರ್."

"ಸಂಬಳ ತಗೋತಿದ್ರಾ?"

"ಇಲ್ಲ ಸರ್."

"ಕಚೇರಿಗೆ ಬರ್ತಿದ್ರಾ?"

"ಒಂದು ದಿನವೂ ಇಲ್ಲ."

"ಮತ್ತೆ ಸಿಬ್ಬಂದಿ ಹೇಗ್ರೀ ಆಗ್ತಾರೆ?"

"ಇಪ್ಪತ್ತೆರಡು ಚಳಿಗಾಲ ಅವರು ಹೇಳಿದ್ದು ಒಂದು ಸಲವೂ ತಪ್ಪಾಗಿಲ್ಲ ಸರ್. ನಮ್ಮಲ್ಲಿ ಇನ್ಯಾರ ಬಗ್ಗೆ ಹಾಗನ್ನಬಹುದು ಹೇಳಿ."

ಮುಖ್ಯಸ್ಥರು ಹವಾಮಾನದವನ ಕಡೆ ನೋಡಿದರು. ಅವನು ತನ್ನ ಬೂಟು ನೋಡಿಕೊಂಡ. "ಓದಿ ಹೋಗ್ರಿ" ಎಂದರು ಮುಖ್ಯಸ್ಥರು.

ಮೇ ಆರರ ಮಧ್ಯಾಹ್ನ ನಾನೇ ಓದುತ್ತೇನೆ. ಸಂಜೆಯ ಬಸ್ಸಿಗೆ ಹೊರಟು ನಿಮ್ಮೂರಿಗೆ ಬರುತ್ತೇನೆ. ರಾತ್ರಿ ಎಲ್ಲಾದರೂ ಮಲಗಲು ಜಾಗ ಇದ್ದೀತೇ?

ಗೋಡೆಯಲ್ಲಿ ನಿಮ್ಮೂರಿನ ಜಾಗ ಖಾಲಿ ಇದೆ. ಬೇರೆ ಚೀಟಿ ಸಿಕ್ಕಿಸಲು ಯಾರಿಗೂ ಮನಸ್ಸಿಲ್ಲ. ಅಲ್ಲಿಂದ ಯಾರಾದರೂ ಫೋನ್ ಮಾಡುವವರು ಬೇಕು. ಫಿದೇಲನ ಅಲೀರ್ ತಾನು ಮಾಡುತ್ತೇನೆಂದು ಬರೆದಿದ್ದಾನೆ. ನಮಗೆ ಧೈರ್ಯ ಸಾಲದು. ನೀವು ಮಾಡುವಿರಾ?

ಗಿಲೇನ್


ಆನ್ಸ್-ಓ-ಕೋಕ್
ಮೇ 6, 1983

ಗಿಲೇನ್,

ಸಂಜೆ ಏಳು ಗಂಟೆ. ನೀನು ಬಸ್ಸಿನಲ್ಲಿದ್ದೀಯ, ಈ ಕಾಗದ ನಿನ್ನ ಕಚೇರಿ ಸೇರುವಾಗ ನೀನು ಇಲ್ಲಿಂದ ಹೋಗಿ ಆಗಿರುತ್ತದೆ. ಆದರೂ ಇವತ್ತಿನ ದಿನ ಬರೆದಿಡಬೇಕು, ನೀನು ಎದುರಿಗೆ ಕುಳಿತರೆ ನನಗೆ ಹೇಳಲು ಬರುವುದಿಲ್ಲ. ಬಿಡುವು ಸಿಕ್ಕಿರುವುದೂ ಈಗಷ್ಟೇ, ಮನೆ ತುಂಬ ಜನ.

ಬೆಳಿಗ್ಗೆ ಮನೆ ಗುಡಿಸಿದೆ, ಕಪ್ಪು ಉಡುಪು ಇಸ್ತ್ರಿ ಮಾಡಿದೆ. ಮಧ್ಯಾಹ್ನ ಝೆಲಿಕಾ ಮತ್ತು ಅವಳ ತಮ್ಮ ರೇಡಿಯೊ ಕೇಳಲು ಬಂದರು. ಅವರ ಮನೆಯಲ್ಲೂ ರೇಡಿಯೊ ಇದೆ. ಆದರೂ ಬಂದರು.

ನೀನು ಓದಿದೆ: "ನಮ್ಮ ನಿಲಯದ ಆನ್ಸ್-ಓ-ಕೋಕ್ ವರದಿಗಾರರು, ಬೆನೋನಿಯ ತೋಮನ ಅಲೀರ್ ರೂಸೆಲ್, ಅಲ್ವೀನಾ ಅವರ ಗಂಡ, ಜನವರಿಯಲ್ಲಿ ತೀರಿಕೊಂಡರು. ನಾಳೆ ಹತ್ತು ಗಂಟೆಗೆ ಮಣ್ಣು." ಆಮೇಲೆ, "ಫಿದೇಲನ ಅಲೀರ್ ಆರೋಗ್ಯವಾಗಿದ್ದಾರೆ" ಎಂದು ಸೇರಿಸಿದೆ. ನಾನು ಅಳಬೇಕೆಂದಿದ್ದವಳು ನಕ್ಕುಬಿಟ್ಟೆ. ನಕ್ಕಮೇಲೆ ಅತ್ತೆ.

"ನನ್ನ ಹೆಸ್ರು ರೇಡಿಯೋದಲ್ಲಿ ಎರಡು ಸಲ ಬಂತು ನೋಡೇ" ಎಂದ ಅವನು ಅಕ್ಕನಿಗೆ.

"ಒಂದು ಸಲ ಸತ್ತು, ಒಂದು ಸಲ ಸಾಯದೆ. ಇನ್ನೇನು ಸಾಧಿಸ್ಬೇಕು ನೀನು?"

ವಾರ್ತೆ ಮುಗಿಯುವ ಮುಂಚೆಯೇ ಫೋನ್ ಹೊಡೆದುಕೊಂಡಿತು. ಓನೆಸಿಮ್. "ಅತ್ತಿಗೆ, ನೀನು ಹೇಳಿದ್ದೆ. ನಾನು ಮಲಕ್ಕೋ ಅಂದೆ" ಎಂದ. ಮೂರು ಗಂಟೆಗೆಲ್ಲ ದ್ವೀಪದವರು ಎರಡು ಗಾಡಿ ತುಂಬ ಬಂದರು. ಆಚೆ ದಡದವರು ಬಂದರು. ಬಂದವರೆಲ್ಲರ ಕೈಯಲ್ಲೂ ಪೈ. ಮೇಜು ತುಂಬಿತು, ಕಿಟಕಿ ಕಟ್ಟೆ ತುಂಬಿತು, ಹೊಲಿಗೆ ಯಂತ್ರದ ಮೇಲೂ ಇಟ್ಟಿದ್ದೇವೆ. ಫಿದೇಲನ ಅಲೀರ್ ಒಂದು ಪೆಟ್ಟಿಗೆ ಹೊತ್ತು ತಂದ. ಜನವರಿಯ ತಟ್ಟೆಗಳು, ಎಲ್ಲ ತೊಳೆದಿದ್ದವು. ಮೇಲೆ ಒಂದು ಪೈ.

"ಇದು ನಿಮ್ದೇ ಅಕ್ಕ. ಅವತ್ತು ಬಂದಿದ್ರಲ್ಲಿ ಒಂದನ್ನ ಐಸ್ ಪೆಟ್ಟಿಗೇಲಿ ಇಟ್ಟಿದ್ದೆ. ಅಲೀರ್‌ಗೆ ಅಂತ ಬಂದಿದ್ದಲ್ವಾ, ಎಲ್ಲಾನೂ ನಾನೊಬ್ಬನೇ ತಿನ್ನೋದು ಸರಿ ಅನ್ನಿಸ್ಲಿಲ್ಲ."

ಅದನ್ನು ನಿನಗಾಗಿ ಒಲೆಯ ಮೇಲೆ ಬಿಸಿಗಿಟ್ಟಿದ್ದೇನೆ. ನಿನಗೆ ನಮ್ಮವರ ಕೋಣೆಯ ಪಕ್ಕದ ಕೋಣೆ. ಕಿಟಕಿಯಿಂದ ಕೊಲ್ಲಿ ಕಾಣುತ್ತದೆ. ಆ ಗಂಡಸರ ಕಾಲುಚೀಲಗಳು ಮುಗಿದವು, ಹಾಸಿಗೆಯ ಮೇಲಿವೆ. ರಾತ್ರಿ ಚಳಿ ಇರುತ್ತದೆ, ಹಾಕಿಕೋ.

ಫೋನಿನ ಕೆಲಸ ನನಗೆ ಬರುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಕೊಡಲಿ ಎತ್ತುವಷ್ಟು ಕೈಯಲ್ಲಿ ಶಕ್ತಿ ಇಲ್ಲ. ಆದರೆ ಪೊರಕೆಯ ಕೋಲು ಬಾಗಿಲ ಹಿಂದೆಯೇ ಇದೆ, ತೂತು ಕೊರೆದುಕೊಡುತ್ತೇನೆ ಎಂದು ಫಿದೇಲನ ಅಲೀರ್ ಎಲ್ಲರೆದುರು ಹೇಳಿದ್ದಾನೆ. ಚಳಿಗಾಲ ಬರಲಿ, ನೋಡೋಣ.

ಬಸ್ಸಿನ ಹೊತ್ತಾಯಿತು. ನಾಳೆ ಹತ್ತಕ್ಕೆ ಮಣ್ಣು. ಅದಕ್ಕೆ ಮುಂಚೆ, ಐದೂವರೆಗೆ, ನಾನು ನಿಮ್ಮ ನಿಲಯಕ್ಕೆ ಫೋನ್ ಮಾಡುತ್ತೇನೆ: ಆನ್ಸ್-ಓ-ಕೋಕ್ ಕೊಲ್ಲಿಯಲ್ಲಿ ಮಂಜುಗಡ್ಡೆ ಇಲ್ಲ.

ಅಲ್ವೀನಾ